ಸ್ಪರ್ಧೆ ಪಿಸ್ತೂಲಿಗೆ ರೆಡ್ ಡಾಟ್: ನಡುವೆ ಕೈ ಕೊಡದಂಥದ್ದು ಯಾವುದು?

ಹೊಸಗುರಿ

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಕಬ್ಬಿಣದ ಸೈಟ್‌ನಲ್ಲೇ (ಪಿಸ್ತೂಲಿನ ಮಾಮೂಲಿ ಲೋಹದ ಗುರಿಕಣ್ಣು) ಐಪಿಎಸ್‌ಸಿ, ಅಂದ್ರೆ ಓಡಾಡುತ್ತಾ ಹೊಡೆಯುವ ಪಿಸ್ತೂಲು ಸ್ಪರ್ಧೆಯ, ಪ್ರೊಡಕ್ಷನ್ ವಿಭಾಗ ಆಡುತ್ತಿದ್ದೆ. ಈಗ ಪ್ರೊಡಕ್ಷನ್ ಆಪ್ಟಿಕ್ಸ್‌ಗೆ, ಅಂದ್ರೆ ಗಾಜಿನಲ್ಲಿ ಚುಕ್ಕಿ ತೋರಿಸುವ ರೆಡ್ ಡಾಟ್ ಸೈಟ್ ಬಳಸುವ ವಿಭಾಗಕ್ಕೆ, ಹೋಗೋಣ ಅಂತಿದ್ದೇನೆ. 9 ಎಂಎಂ ಪಿಸ್ತೂಲು, ಸ್ಲೈಡ್ (ಹಿಂದೆ ಮುಂದೆ ಓಡುವ ಮೇಲಿನ ಭಾಗ) ಮೊದಲೇ ಆಪ್ಟಿಕ್‌ಗೆ ಅಂತ ಕೊರೆದು ಬಂದಿದೆ, ಜೊತೆಗೆ ಸೈಟ್ ಕೂರಿಸೋಕೆ ಬೇರೆ ಬೇರೆ ಪ್ಲೇಟ್ ಕೊಟ್ಟಿದ್ದಾರೆ. ನನಗೆ ಬೇಕಿರುವುದು ಒಂದೇ: ಸ್ಟೇಜ್ (ಸ್ಪರ್ಧೆಯ ಒಂದು ಸುತ್ತು) ನಡುವೆ ಡಾಟ್ ಆರಬಾರದು, ಝೀರೋ (ಡಾಟ್ ಇಟ್ಟ ಕಡೆಗೇ ಗುಂಡು ಬೀಳುವ ಹೊಂದಾಣಿಕೆ) ಕದಲಬಾರದು. ಓದಿದಷ್ಟೂ ಗೊಂದಲ ಜಾಸ್ತಿ ಆಗ್ತಿದೆ. ಒಬ್ಬರು ದೊಡ್ಡ ಕಿಟಕಿ (ನೋಡುವ ಗಾಜು) ಅಂತಾರೆ, ಇನ್ನೊಬ್ಬರು ಮುಚ್ಚಿದ ಎಮಿಟರ್ (ಡಾಟ್‌ಗೆ ಬೆಳಕು ಕೊಡುವ ಎಲ್‌ಇಡಿ ಡಬ್ಬಿಯೊಳಗಿರುವ ಸೈಟ್) ಬಿಟ್ಟು ಬೇರೆ ಮುಟ್ಟಲೇ ಬೇಡಿ ಅಂತಾರೆ. ಯಾವ ಬ್ರಾಂಡ್ ತಗೊಳ್ಳಲಿ?

ಕಬ್ಬಿಣದ_ಕಣ್ಣು

ಕಬ್ಬಿಣಕ್ಕೆ ಬ್ಯಾಟರಿ ಬೇಡ. ಅಷ್ಟೇ ಹೇಳಿ ಸುಮ್ಮನಾಗ್ತೀನಿ.

ಸ್ಕ್ರೂಡ್ರೈವರ್

ಅಣ್ಣ, ನೀವು ಸುಮ್ಮನಾಗುವವರಲ್ಲ ಅಂತ ಎಲ್ಲರಿಗೂ ಗೊತ್ತು 😄

ಹೊಸಗುರಿ ಅವರೇ, ಬ್ರಾಂಡ್ ಆಮೇಲೆ. ಮೊದಲು ಆ ಪ್ಲೇಟ್‌ಗಳನ್ನು ಎತ್ತಿ ನೋಡಿ. ಡಾಟ್ ಕೆಟ್ಟಿದೆ ಅಂತ ನನ್ನ ಮೇಜಿಗೆ ಬರುವುದರಲ್ಲಿ ಹೆಚ್ಚಿನವು ಕೆಟ್ಟಿರುವುದೇ ಇಲ್ಲ, ಸಡಿಲ ಆಗಿರುತ್ತವೆ. ಸ್ಲೈಡ್ ಮೇಲಿನ ಸೈಟ್ ಅಂದ್ರೆ ಸುತ್ತಿಗೆ ತಲೆ ಮೇಲೆ ಕೈಗಡಿಯಾರ ಕಟ್ಟಿ ಮೊಳೆ ಹೊಡೆದ ಹಾಗೆ. ಪ್ರತಿ ಗುಂಡಿಗೂ ಅದು ಹಿಂದಕ್ಕೆ ಹೋಗಿ ಗಕ್ಕನೆ ನಿಲ್ಲುತ್ತದೆ, ಮತ್ತೆ ಮುಂದಕ್ಕೆ ಬಂದು ಬಡಿಯುತ್ತದೆ. ಈ ಪೆಟ್ಟನ್ನೆಲ್ಲ ಎರಡು ಸಣ್ಣ ಸ್ಕ್ರೂಗಳೇ ತಡೆಯಬೇಕು ಅಂದ್ರೆ ಎಷ್ಟು ದಿನ ತಡೆದಾವು? ಪ್ಲೇಟ್‌ನಲ್ಲಿ ಅಥವಾ ಸ್ಲೈಡ್ ಕೊರೆತದಲ್ಲಿ ಸಣ್ಣ ಗುಬ್ಬಿಗಳು ಇರುತ್ತವೆ, ಅವು ಸೈಟ್ ತಳದ ಕುಳಿಗಳಲ್ಲಿ ಬಿಗಿಯಾಗಿ ಕೂರಬೇಕು. ಹಿಂದೆ ಮುಂದೆ ಎಳೆಯುವ ಪೆಟ್ಟನ್ನು ಆ ಗುಬ್ಬಿ ತಗೊಳ್ಳಬೇಕು, ಸ್ಕ್ರೂ ಬರೀ ಕೆಳಕ್ಕೆ ಒತ್ತಿ ಹಿಡಿದರೆ ಸಾಕು. ಸ್ಕ್ರೂ ಹಾಕುವ ಮೊದಲೇ ಸೈಟ್ ಅನ್ನು ಪ್ಲೇಟ್ ಮೇಲೆ ಇಟ್ಟು ಬೆರಳಿಂದ ಹಿಂದೆ ಮುಂದೆ ತಳ್ಳಿ. ಟಕ್ ಟಕ್ ಅಂತ ಆಡಿದರೆ ಆ ಪ್ಲೇಟ್ ಬೇಡ.

ಈಗಾಗಲೇ ಗುಂಡು ಹಾರಿಸಿದ ಸೈಟ್ ಆದರೆ ಬಿಚ್ಚಿ ತಳ ನೋಡಿ. ಕಪ್ಪು ಬಣ್ಣ ಒಂದೇ ಮೂಲೆಯಲ್ಲಿ ಉಜ್ಜಿ ಬೆಳ್ಳಗೆ ಹೊಳೀತಿದ್ದರೆ ಅದು ಸಮವಾಗಿ ಕೂತಿಲ್ಲ, ಕುಣೀತಿದೆ ಅಂತ ಅರ್ಥ.

ಸ್ಕ್ರೂ ಉದ್ದವೂ ಮುಖ್ಯ. ಗಿಡ್ಡ ಆದರೆ ಎಳೆಗಳು ಸಾಕಷ್ಟು ಹಿಡಿಯಲ್ಲ. ಉದ್ದ ಆದರೆ ಕೆಳಗೆ ಏನಾದರೂ ತಾಗುತ್ತದೆ. ಗ್ಲಾಕ್‌ನಲ್ಲಿ ಬಲಗಡೆ ಸ್ಕ್ರೂ ಸ್ವಲ್ಪ ಉದ್ದ ಆದರೂ ಒಳಗಿರುವ ಎಕ್ಸ್‌ಟ್ರಾಕ್ಟರ್ ಪ್ಲಂಜರ್ ದಾರಿಗೆ ಅಡ್ಡ ಬರುತ್ತದೆ. ಆಮೇಲೆ ಖಾಲಿ ಕೇಸ್ ಸರಿಯಾಗಿ ಹೊರಗೆ ಬರಲ್ಲ, ಜನ ಮ್ಯಾಗಜಿನ್ ಬಯ್ಯುತ್ತಾ ಕೂರುತ್ತಾರೆ.

ಹೊಸಗುರಿ

ಇದು ಗೊತ್ತೇ ಇರಲಿಲ್ಲ ಸಾರ್. ಹಾಗಾದರೆ ಯಾವ ಸೈಟ್ ತಗೊಂಡರೂ ಒಂದೇನಾ?

ಸ್ಕ್ರೂಡ್ರೈವರ್

ಹಾಗಲ್ಲ. ಆದರೆ ಯಾವ ಪ್ಲೇಟ್ ಚೆನ್ನಾಗಿ ಕೂರುತ್ತದೋ ಅದರ ಮೇಲೆ ಕೂರುವ ಸೈಟ್‌ಗಳ ಪಟ್ಟಿಯಿಂದ ಆರಿಸಿ. ಟ್ರಿಜಿಕಾನ್ ಆರ್‌ಎಂಆರ್ ಫುಟ್‌ಪ್ರಿಂಟ್ (ತಳದ ಸ್ಕ್ರೂ, ಕುಳಿಗಳ ಜೋಡಣೆ) ಇದ್ದರೆ ಆಯ್ಕೆ ಜಾಸ್ತಿ. ಟ್ರಿಜಿಕಾನ್‌ದೇ ಎಸ್‌ಆರ್‌ಒ, ಹೋಲೋಸನ್ 507ಸಿ, 507 ಕಾಂಪ್ ಎಲ್ಲಾ ಅದರ ಮೇಲೇ ಕೂರುತ್ತವೆ. ಲ್ಯೂಪೋಲ್ಡ್ ಡೆಲ್ಟಾಪಾಯಿಂಟ್ ಪ್ರೊ ಬೇರೆ ಫುಟ್‌ಪ್ರಿಂಟ್. ವೋರ್ಟೆಕ್ಸ್ ವೆನಮ್, ಬರಿಸ್ ಫಾಸ್ಟ್‌ಫೈರ್ ಎರಡೂ ಹಳೆಯ ಡಾಕ್ಟರ್ (Docter, ಒಂದು ಬ್ರಾಂಡ್) ಮಾದರಿ. ಏಮ್‌ಪಾಯಿಂಟ್ ಆಕ್ರೋದ್ದು ಅಡ್ಡ ಕಚ್ಚಿಕೊಳ್ಳುವ ಬೇರೆಯೇ ವ್ಯವಸ್ಥೆ. ಸೈಟ್ ಮೊದಲು ತಂದು ಆಮೇಲೆ ಅಡಾಪ್ಟರ್ ಮೇಲೆ ಅಡಾಪ್ಟರ್ ಹಾಕೋ ಕೆಲಸ ಮಾತ್ರ ಬೇಡ. ಪ್ರತಿ ಪದರವೂ ಸಡಿಲ ಆಗೋಕೆ ಇನ್ನೊಂದು ಜಾಗ.

ಓಪನ್_ಡಿವಿಷನ್

ಸ್ಲೈಡ್ ಮೇಲೆ ಇಡೋದೇ ತಲೆನೋವು. ನಮ್ಮ ಓಪನ್ ವಿಭಾಗದ (ಪಿಸ್ತೂಲು ಹೆಚ್ಚು ಬದಲಾಯಿಸಬಹುದಾದ ವಿಭಾಗ) ಪಿಸ್ತೂಲುಗಳಲ್ಲಿ ಸೈಟ್ ಫ್ರೇಮ್‌ಗೆ ಕಟ್ಟಿರುತ್ತೆ, ಸ್ಲೈಡ್ ಅದರ ಕೆಳಗೆ ಓಡಾಡುತ್ತೆ, ಸೈಟ್ ಕದಲಲ್ಲ. ಡಾಟ್ ಕಣ್ಣ ಮುಂದೆ ಅಷ್ಟು ನೆಗೆಯಲ್ಲ. 1990ರಲ್ಲಿ ಡಗ್ ಕೋನಿಗ್ ರೆಡ್ ಡಾಟ್ ಹಾಕಿ ವರ್ಲ್ಡ್ ಶೂಟ್ (ಐಪಿಎಸ್‌ಸಿ ವಿಶ್ವ ಸ್ಪರ್ಧೆ) ಗೆದ್ದರು, ಅದೇ ವರ್ಷ ಜೆರ್ರಿ ಬಾರ್ನ್‌ಹಾರ್ಟ್ ಅಮೆರಿಕದ ನ್ಯಾಷನಲ್ಸ್ ಗೆದ್ದರು. ಆಮೇಲೆ ಓಪನ್‌ನಲ್ಲಿ ಕಬ್ಬಿಣದ ಸೈಟ್ ಕತೆ ಮುಗೀತು.

ಕಬ್ಬಿಣದ_ಕಣ್ಣು

ಓಪನ್‌ನಲ್ಲಿ ಮುಗೀತು. ಐಎಸ್‌ಎಸ್‌ಎಫ್ (ಒಲಿಂಪಿಕ್ ಶೈಲಿಯ ಶೂಟಿಂಗ್) ಪಿಸ್ತೂಲಿನಲ್ಲಿ ಇವತ್ತಿಗೂ ಕಬ್ಬಿಣವೇ. ಡಾಟ್ ತಗೊಂಡು ಹೋದರೆ ಇಕ್ವಿಪ್‌ಮೆಂಟ್ ಕಂಟ್ರೋಲ್‌ನಲ್ಲೇ ವಾಪಸ್ ಕಳಿಸ್ತಾರೆ.

ಓಪನ್_ಡಿವಿಷನ್

ಅದು ಸರಿ. ಆದರೆ ಅವರು ಕೇಳಿದ್ದು ಪ್ರೊಡಕ್ಷನ್ ಆಪ್ಟಿಕ್ಸ್ ಬಗ್ಗೆ, ಅಲ್ವಾ?

ಇನ್ನೊಂದು ಮಾತು. ಯಾವುದನ್ನೂ ಕೊಳ್ಳುವ ಮೊದಲು ಡಿವಿಷನ್ ನಿಯಮ ಓದಿ. ಉದಾಹರಣೆಗೆ ಯುಎಸ್‌ಪಿಎಸ್‌ಎ (ಅಮೆರಿಕದಲ್ಲಿ ಈ ಆಟದ ಸಂಸ್ಥೆ) ಕ್ಯಾರಿ ಆಪ್ಟಿಕ್ಸ್‌ನಲ್ಲಿ ಸೈಟ್ ಸ್ಲೈಡ್ ಮೇಲೇ ಇರಬೇಕು, ಫ್ರೇಮ್‌ಗೆ ಕಟ್ಟುವ ಹಾಗಿಲ್ಲ. ಪಿಸ್ತೂಲಿನ ತೂಕಕ್ಕೂ 59 ಔನ್ಸ್ ಮಿತಿ ಇದೆ. ನಿಮ್ಮ ಐಪಿಎಸ್‌ಸಿ ಪುಸ್ತಕದಲ್ಲಿ ಏನಿದೆ ಅಂತ ಈಗಿನ ಆವೃತ್ತಿಯಲ್ಲೇ ನೋಡಿ, ಯಾರೋ ಹೇಳಿದ್ದು ನಂಬಬೇಡಿ. ನಾನು ಹೇಳಿದ್ದೂ ಸೇರಿಸಿ.

ಮಳೆಯಲ್ಲೂ_ಆಟ

ಮುಚ್ಚಿದ ಎಮಿಟರ್ ತಗೊಳ್ಳಿ, ಚರ್ಚೆ ಮುಗೀತು.

ಓಪನ್_ಡಿವಿಷನ್

ಯಾಕೆ ಅಂತ ಹೇಳಿ ಸ್ವಾಮಿ, ಸುಮ್ನೆ ತೀರ್ಪು ಕೊಟ್ಟು ಹೋದರೆ ಹೇಗೆ.

ಮಳೆಯಲ್ಲೂ_ಆಟ

ಸರಿ, ಹೇಳ್ತೀನಿ. ತೆರೆದ ಸೈಟ್‌ನಲ್ಲಿ ಹಿಂಭಾಗದ ಕೆಳಗೆ ಒಂದು ಸಣ್ಣ ಎಲ್‌ಇಡಿ ಇರುತ್ತದೆ. ಅದರ ಬೆಳಕು ಮುಂದಿರುವ ಗಾಜಿಗೆ ಹೋಗಿ ಬಡಿದು ನಿಮ್ಮ ಕಣ್ಣಿಗೆ ವಾಪಸ್ ಬರುತ್ತದೆ. ಗಾಜಿನ ಲೇಪನ ಕೆಂಪು ಬೆಳಕನ್ನು ಮಾತ್ರ ತಿರುಗಿಸಿ ಕಳಿಸುತ್ತದೆ, ಉಳಿದದ್ದು ದಾಟಿ ಹೋಗುತ್ತದೆ. ಅದಕ್ಕೇ ಈ ಗಾಜುಗಳಲ್ಲಿ ನೋಡಿದರೆ ಎಲ್ಲಾ ತುಸು ನೀಲಿ ಹೊಡೆದ ಹಾಗೆ ಕಾಣೋದು. ಈಗ ಆ ಎಲ್‌ಇಡಿ ಮತ್ತು ಗಾಜಿನ ನಡುವಿನ ಜಾಗ ಬಯಲು. ಒಂದು ಹನಿ ನೀರು ಎಲ್‌ಇಡಿ ಕುಳಿಯಲ್ಲಿ ಕೂತರೆ ಡಾಟ್ ಒಡೆದು ಚೆಲ್ಲಾಪಿಲ್ಲಿ ಆಗುತ್ತದೆ, ಇಲ್ಲವೇ ಕಾಣೋದೇ ಇಲ್ಲ. ಮಣ್ಣು, ಬಟ್ಟೆಯ ನೂಲು, ಯಾವುದಾದರೂ ಸಾಕು. ಮುಚ್ಚಿದ್ದರಲ್ಲಿ ಎರಡೂ ಕಡೆ ಗಾಜು, ನಡುವಿನ ಬೆಳಕಿನ ದಾರಿ ಡಬ್ಬಿಯೊಳಗೆ. ಹೊರಗಡೆ ಗಾಜು ಒದ್ದೆ ಆದರೂ ಡಾಟ್ ಇರುತ್ತದೆ, ನೋಟ ಮಸುಕಾಗಬಹುದು ಅಷ್ಟೇ. ಮಂಜು ಹಿಡಿದರೂ ಹೊರಗಾಜನ್ನು ಬೆರಳಲ್ಲಿ ಒರೆಸಿ ಮುಂದೆ ಹೋಗಬಹುದು.

ಓಪನ್_ಡಿವಿಷನ್

ಒಪ್ಪಿದೆ. ಆದರೆ ಅದಕ್ಕೆ ಕೊಡುವ ಬೆಲೆ ನೋಡಿ, ದುಡ್ಡಲ್ಲ, ಕಿಟಕಿ. ಆಕ್ರೋ ಪಿ-2 ಕಿಟಕಿ ಚಿಕ್ಕ ಚೌಕ, ಸುತ್ತಲೂ ದಪ್ಪ ಗೋಡೆ. ತೂಕ ಸುಮಾರು 60 ಗ್ರಾಂ. ಎಸ್‌ಆರ್‌ಒ 45 ಗ್ರಾಂ, ಕಿಟಕಿ ಅಗಲ 25 ಮಿ.ಮೀ. ಸ್ಪರ್ಧೆಯಲ್ಲಿ ನಾವು ಓಡಿ ಬಂದು, ಬಗ್ಗಿ, ಒಂದು ಕಾಲಲ್ಲಿ ವಾಲಿ, ಗೋಡೆ ಪಕ್ಕದಿಂದ ಇಣುಕಿ ಹೊಡೀತೀವಿ. ಕೈ ಸ್ವಲ್ಪ ಆ ಕಡೆ ಈ ಕಡೆ ಇದ್ದಾಗಲೂ ದೊಡ್ಡ ಕಿಟಕಿಯಲ್ಲಿ ಡಾಟ್ ಎಲ್ಲೋ ಒಂದು ಮೂಲೆಯಲ್ಲಿ ಸಿಗುತ್ತದೆ. ಚಿಕ್ಕದರಲ್ಲಿ ಖಾಲಿ ಗಾಜು ನೋಡ್ತಾ ಡಾಟ್ ಎಲ್ಲಿ ಅಂತ ಹುಡುಕೋದು. ಮಳೆಗಾಲದ ಒಂದೆರಡು ಮ್ಯಾಚ್‌ಗೋಸ್ಕರ ಉಳಿದ ಮ್ಯಾಚ್‌ಗಳಲ್ಲೆಲ್ಲಾ ನಿಧಾನ ಆಗೋದು ಯಾಕೆ?

ಮಳೆಯಲ್ಲೂ_ಆಟ

ಡಾಟ್ ಹುಡುಕೋದು ಕೈಯ ತಪ್ಪು, ಕಿಟಕಿಯದ್ದಲ್ಲ. ಡ್ರೈ ಫೈರ್ (ಗುಂಡಿಲ್ಲದೆ ಅಭ್ಯಾಸ) ಮಾಡಿದರೆ ಚಿಕ್ಕ ಕಿಟಕಿಯಲ್ಲೂ ಸಿಗುತ್ತೆ.

ಓಪನ್_ಡಿವಿಷನ್

ಡ್ರೈ ಫೈರ್‌ನಲ್ಲಿ ಸಿಗುತ್ತೆ. ಎಡಗೈ ಒಂದರಲ್ಲೇ ಹೊಡೆಯುವ ಸ್ಟೇಜ್ ಬಂದಾಗ ಹೇಳಿ.

ಸ್ಕ್ರೂಡ್ರೈವರ್

ಇಬ್ಬರೂ ಸರಿ, ಇಬ್ಬರೂ ಒಂದೇ ವಾದ ಮತ್ತೆ ಮತ್ತೆ ಮಾಡ್ತಿದ್ದೀರಿ. ಗಟ್ಟಿತನದ ಕಡೆಯಿಂದ ನನ್ನ ಮಾತು ಸೇರಿಸ್ತೀನಿ. ಕಿಟಕಿ ದೊಡ್ಡದಾದಷ್ಟೂ ಗಾಜು ದೊಡ್ಡದು, ಚೌಕಟ್ಟು ತೆಳು, ಬೀಳುವಾಗ ಮೊದಲು ನೆಲಕ್ಕೆ ತಾಗುವುದೂ ಅದೇ. ಎಸ್‌ಆರ್‌ಒ ಥರದ್ದರಲ್ಲಿ ಗಾಜು ಬುಡದಿಂದ ಮುಂದಕ್ಕೆ ಚಾಚಿಕೊಂಡಿದೆ, ಆ ಮುಂದಿನ ಅಂಚು ಪೆಟ್ಟಿಗೆ ನಾಜೂಕು. ಅದು ಸ್ಪರ್ಧೆಗೆ ಅಂತ ಮಾಡಿದ ಸೈಟ್, ಆ ಲೆಕ್ಕದಲ್ಲಿ ನೋಡಿದರೆ ಸಹಜ. ಪಿಸ್ತೂಲು ಬೀಳಿಸಿದರೆ ಸ್ಪರ್ಧೆಯಿಂದಲೇ ಹೊರಗೆ, ಆಮೇಲೆ ಗಾಜು ಉಳಿದರೆಷ್ಟು ಬಿಟ್ಟರೆಷ್ಟು.

ತೂಕದ್ದು ಬೇರೆ ಕತೆ. ಸ್ಲೈಡ್ ಮೇಲೆ ತೂಕ ಕೂತರೆ ಸ್ಲೈಡ್ ನಿಧಾನ ಆಗುತ್ತದೆ. ಮೆತ್ತನೆಯ ಲೋಡ್ ಹೊಡೆಯುವವರಿಗೆ ಕೇಸ್ ಸಿಕ್ಕಿಕೊಳ್ಳೋಕೆ ಶುರು ಆಗಬಹುದು, ರಿಕಾಯಿಲ್ ಸ್ಪ್ರಿಂಗ್ ಬದಲಿಸಬೇಕಾಗಬಹುದು. ಸೈಟ್ ಬದಲಿಸಿದ ಮೇಲೆ ನಿಮ್ಮ ಮ್ಯಾಚ್ ಗುಂಡಿನಲ್ಲೇ ಪರೀಕ್ಷೆ ಮಾಡಿ, ಬೇರೆ ಗುಂಡಿನಲ್ಲಲ್ಲ.

ಬುಲ್ಸ್‌ಐ

ಡಾಟ್ ಸೈಜ್ ಬಗ್ಗೆ ಯಾರೂ ಮಾತಾಡ್ತಿಲ್ಲ. 1 ಎಂಒಎ (ಕೋನದ ಅಳತೆ, ಒಂದು ಡಿಗ್ರಿಯ ಅರವತ್ತರಲ್ಲಿ ಒಂದು ಭಾಗ) ಅಂದ್ರೆ 25 ಮೀಟರ್‌ನಲ್ಲಿ ಸುಮಾರು 7.3 ಮಿ.ಮೀ. ಹಾಗಾಗಿ 2.5 ಎಂಒಎ ಡಾಟ್ ಅಲ್ಲಿ ಸುಮಾರು 18 ಮಿ.ಮೀ. ಮುಚ್ಚುತ್ತದೆ, 6 ಎಂಒಎ ಆದರೆ 44 ಮಿ.ಮೀ. ನಾನು ಕಾಗದದ ಗುರಿಗೆ ನಿಂತು ಹೊಡೆಯುವವನು, ನನಗೆ ಚಿಕ್ಕ ಡಾಟ್ ಬೇಕು. ನಿಮ್ಮ ಆಟದಲ್ಲಿ 20 ಸೆಂ.ಮೀ. ಉಕ್ಕಿನ ಪ್ಲೇಟ್‌ಗೆ 44 ಮಿ.ಮೀ. ಡಾಟ್ ಏನೂ ದೊಡ್ಡದಲ್ಲ. ವೇಗವಾಗಿ ಸಿಗುತ್ತದೆ, ಕಡಿಮೆ ಬೆಳಕಿನ ಮಟ್ಟದಲ್ಲೂ ಕಾಣುತ್ತದೆ.

ಓಪನ್_ಡಿವಿಷನ್

ಇನ್ನೊಂದು ಇದೆ. ಚಿಕ್ಕ ಡಾಟ್ ಕೈ ನಡುಕವನ್ನೆಲ್ಲ ತೋರಿಸುತ್ತೆ. ಅದನ್ನು ನೋಡ್ತಾ ಹೊಸಬರು ಟ್ರಿಗರ್ ಒತ್ತೋಕೇ ಹೋಗಲ್ಲ, ಡಾಟ್ ನಿಲ್ಲಲಿ ಅಂತ ಕಾಯ್ತಾರೆ. ಅದು ನಿಲ್ಲಲ್ಲ. 5 ಅಥವಾ 6 ತಗೊಳ್ಳಿ. ಹೋಲೋಸನ್ 507 ಕಾಂಪ್‌ನಲ್ಲಿ 2 ಎಂಒಎ ಡಾಟ್ ಸುತ್ತ 8, 20, 32 ಎಂಒಎ ಉಂಗುರ ಬೇಕಾದ ಹಾಗೆ ಹಾಕಿಕೊಳ್ಳಬಹುದು. ನನಗೆ ಉಂಗುರ ಹಿಡಿಸಲ್ಲ, ಕೆಲವರಿಗೆ ತುಂಬಾ ಇಷ್ಟ.

ಚೆಲ್ಲಿದ_ಚುಕ್ಕಿ

ಕೊಳ್ಳುವ ಮೊದಲು ಒಂದು ವಿಷಯ. ನನ್ನ ಕಣ್ಣಿಗೆ ಯಾವ ಡಾಟೂ ದುಂಡಗೆ ಕಾಣಲ್ಲ. ಬಾಲ ಇರುವ ಅಲ್ಪವಿರಾಮದ ಹಾಗೆ, ಕೆಲವೊಮ್ಮೆ ಒಡೆದ ಎರಡು ಚುಕ್ಕಿ. ಅಸ್ಟಿಗ್ಮ್ಯಾಟಿಸಂ, ಅಂದ್ರೆ ಕಣ್ಣಿನ ವಕ್ರತೆಯ ದೋಷ. ಸೈಟ್ ಕೆಟ್ಟದ್ದು ಅಂತ ವಾಪಸ್ ಕೊಡೋಕೆ ಮೊದಲು ಸೈಟ್ ಅನ್ನು ಕೈಯಲ್ಲಿ ಹಿಡಿದು ನಿಧಾನಕ್ಕೆ ಓರೆ ಮಾಡಿ. ಬಾಲವೂ ಜೊತೆಗೆ ತಿರುಗಿದರೆ ಸೈಟ್‌ನ ದೋಷ. ಬಾಲ ಅದೇ ದಿಕ್ಕಿಗೆ ನಿಂತಿದ್ದರೆ ನಿಮ್ಮ ಕಣ್ಣು. ಮೊಬೈಲ್ ಕ್ಯಾಮೆರಾದಲ್ಲೂ ನೋಡಬಹುದು, ಅದರಲ್ಲಿ ದುಂಡಗೆ ಕಂಡರೆ ಸೈಟ್ ಸರಿಯಿದೆ. ಬೆಳಕು ಒಂದೆರಡು ಮಟ್ಟ ತಗ್ಗಿಸಿದರೆ ಚೆಲ್ಲೋದು ಕಮ್ಮಿ ಆಗುತ್ತದೆ. ಕನ್ನಡಕದ ನಂಬರ್ ಸರಿ ಮಾಡಿಸಿಕೊಂಡರೆ ಇನ್ನೂ ಒಳ್ಳೇದು. ಹಸಿರು ಡಾಟ್ ಕೆಲವರಿಗೆ ಚೊಕ್ಕವಾಗಿ ಕಾಣುತ್ತದೆ, ನನಗೆ ಅಂಥ ವ್ಯತ್ಯಾಸ ಇಲ್ಲ.

ಹೊಸಗುರಿ

ನಾನೂ ಕನ್ನಡಕದವನೇ! ಕ್ಲಬ್‌ನಲ್ಲಿ ಒಬ್ಬರ ಸೈಟ್‌ನಲ್ಲಿ ನೋಡಿದಾಗ ಡಾಟ್ ಚೆಲ್ಲಿದ ಹಾಗೆ ಕಂಡಿತ್ತು, ಬೆಳಕು ಜಾಸ್ತಿ ಇಟ್ಟಿದ್ದರು ಅನಿಸುತ್ತೆ. ಬ್ಯಾಟರಿ ಬಗ್ಗೆ ಹೇಳಿ. 50,000 ಗಂಟೆ ಅಂತ ಬರೆದಿರುತ್ತಾರಲ್ಲ, ನಂಬಬಹುದಾ?

ಸ್ಕ್ರೂಡ್ರೈವರ್

ಆ ಅಂಕಿ ಒಂದು ನಿರ್ದಿಷ್ಟ ಬೆಳಕಿನ ಮಟ್ಟದ್ದು. ಆಕ್ರೋ ಪಿ-2ಗೆ 50,000 ಗಂಟೆ ಅಂತ ಹೇಳಿರುವುದು 6ನೇ ಮಟ್ಟದಲ್ಲಿ. ಬಿಸಿಲಲ್ಲಿ ಮೇಲಿನ ಮಟ್ಟಕ್ಕೆ ಹೋದರೆ ಬೇಗ ಇಳಿಯುತ್ತದೆ. ಸ್ಪರ್ಧೆ ಆಡುವವರಿಗೆ ಈ ಅಂಕಿಯಿಂದ ದೊಡ್ಡ ಉಪಯೋಗ ಇಲ್ಲ. ಸಿಆರ್2032 ಎಲ್ಲಾ ಕಡೆ ಸಿಗುವ ಸೆಲ್, ದೊಡ್ಡ ಮ್ಯಾಚ್‌ಗೆ ಮೊದಲು ಹೊಸದು ಹಾಕಿ ಮುಗಿಸಿ.

ನಿಜವಾಗಿ ನೋಡಬೇಕಾದ್ದು ಬ್ಯಾಟರಿ ಎಲ್ಲಿಂದ ಹಾಕೋದು ಅಂತ. ಹಳೆಯ ಆರ್‌ಎಂಆರ್‌ನಲ್ಲಿ ಸೆಲ್ ತಳದಲ್ಲಿ. ಬದಲಿಸೋಕೆ ಸೈಟ್ ಬಿಚ್ಚಬೇಕು, ಬಿಚ್ಚಿದ ಮೇಲೆ ಸ್ಕ್ರೂ ಮತ್ತೆ ಅಂಟಿಸಬೇಕು, ಝೀರೋ ಮತ್ತೆ ನೋಡಬೇಕು. ಎಸ್‌ಆರ್‌ಒ, ಡೆಲ್ಟಾಪಾಯಿಂಟ್ ಪ್ರೊದಲ್ಲಿ ಮೇಲಿನಿಂದ. ರೋಮಿಯೋ3 ಮ್ಯಾಕ್ಸ್, 507ಸಿ ಥರದ್ದರಲ್ಲಿ ಪಕ್ಕದಿಂದ. ಸ್ಪರ್ಧೆಗೆ ತಳದ ಬ್ಯಾಟರಿ ಬೇಡವೇ ಬೇಡ.

ಇನ್ನು ಡಾಟ್ ಮಿಣುಕುವುದು. ಗುಂಡು ಹಾರಿಸುವಾಗ ಆರಿ ಮತ್ತೆ ಬಂದರೆ ಹೆಚ್ಚಾಗಿ ಸೆಲ್ ಮುಟ್ಟುವ ಜಾಗದಲ್ಲೇ ತೊಂದರೆ. ಪಿಸ್ತೂಲು ಖಾಲಿ ಮಾಡಿ, ಚೇಂಬರ್ ಎರಡು ಸಲ ನೋಡಿ, ಡಾಟ್ ಆನ್ ಇಟ್ಟು ಸ್ಲೈಡ್ ಎಳೆದು ಬಿಡಿ. ಮಿಣುಕಿದರೆ ಸೆಲ್ ತೆಗೆದು ಎರಡೂ ಮುಖ ಸ್ಪಿರಿಟ್‌ನಲ್ಲಿ ಒರೆಸಿ, ಒಳಗಿನ ಲೋಹದ ನಾಲಿಗೆ ಚಪ್ಪಟೆ ಆಗಿದೆಯಾ ನೋಡಿ. ಮಕ್ಕಳು ನುಂಗಬಾರದು ಅಂತ ಕೆಲವು ಸೆಲ್‌ಗಳಿಗೆ ಕಹಿ ಲೇಪನ ಹಾಕಿರುತ್ತಾರೆ. ಮಕ್ಕಳಿಗೆ ಒಳ್ಳೆಯದೇ, ಆದರೆ ಕೆಲವು ಸೈಟ್‌ಗಳಲ್ಲಿ ಆ ಲೇಪನವೇ ಸಂಪರ್ಕ ಕೆಡಿಸುತ್ತದೆ. ಲೇಪನ ಇಲ್ಲದ ಸೆಲ್ ಹಾಕಿ ನೋಡಿ. ಇಷ್ಟಾದರೂ ಮಿಣುಕಿದರೆ ಒಳಗಿನ ಬೆಸುಗೆ ಬಿಟ್ಟಿರಬಹುದು, ಕಂಪನಿಗೆ ಕಳಿಸಿ.

ಕಬ್ಬಿಣದ_ಕಣ್ಣು

ನೋಡಿ, ಸೆಲ್ ಒರೆಸಬೇಕಂತೆ. 😂

ಮಳೆಯಲ್ಲೂ_ಆಟ

ಸ್ವಯಂಚಾಲಿತ ಬೆಳಕು ಇರುವ ಸೈಟ್ ಬಗ್ಗೆಯೂ ಎಚ್ಚರ. ಸೆನ್ಸರ್ ನೋಡುವುದು ನೀವು ನಿಂತಿರುವ ಜಾಗದ ಬೆಳಕನ್ನು. ನೀವು ಛಾವಣಿ ಕೆಳಗೆ ನೆರಳಲ್ಲಿ, ಗುರಿ ಬಿಸಿಲಲ್ಲಿ. ಸೆನ್ಸರ್ ಕತ್ತಲೆ ಅಂದುಕೊಂಡು ಡಾಟ್ ಮಂಕು ಮಾಡುತ್ತದೆ, ಬಿಳಿ ಪ್ಲೇಟ್ ಮೇಲೆ ಡಾಟ್ ಕಳೆದೇ ಹೋಗುತ್ತದೆ. ಕೈಯಿಂದ ಹಾಕುವ ಬೆಳಕೇ ಸರಿ. ಸ್ಟೇಜ್‌ನಲ್ಲಿ ಅತಿ ಬೆಳಕಿರುವ ಗುರಿ ನೋಡಿ ಅದಕ್ಕೆ ಸರಿ ಮಾಡಿ. ಒಂಚೂರು ಜಾಸ್ತಿ ಆದರೂ ಪರವಾಗಿಲ್ಲ, ಕಮ್ಮಿ ಆಗಬಾರದು. ಅಲುಗಿದಾಗ ಹೊತ್ತಿಕೊಳ್ಳುವ ವ್ಯವಸ್ಥೆ ಇದ್ದರೆ ಅನುಕೂಲ. ಆದರೂ 'ಲೋಡ್' ಅಂತ ಆರ್‌ಒ (ರೇಂಜ್ ಅಧಿಕಾರಿ) ಹೇಳಿದಾಗ ಗಾಜಲ್ಲಿ ಒಮ್ಮೆ ನೋಡಿ. ಸ್ಟೇಜ್ ಶುರು ಆದ ಮೇಲೆ ನಿಮ್ಮ ಸಾಮಾನು ಕೈ ಕೊಟ್ಟರೆ ರೀಶೂಟ್ ಇಲ್ಲ.

ಹೊಸಗುರಿ

ಹಾಗೇ ಆರಿಬಿಟ್ಟರೆ ಏನು ಮಾಡ್ತೀರಿ?

ಓಪನ್_ಡಿವಿಷನ್

ನಿಲ್ಲಿಸಬೇಡಿ. ಬಟನ್ ಒತ್ತೋಕೆ ಹೋಗಬೇಡಿ. ಹತ್ತಿರದ ಗುರಿಗೆ ಕಿಟಕಿ ಚೌಕಟ್ಟಿನ ನಡುವೆ ಗುರಿ ಇಟ್ಟು ಹೊಡೀರಿ, 7 ಮೀಟರ್‌ವರೆಗೆ ಎ (ಗುರಿಯ ನಡುವಿನ ಪೂರ್ಣ ಅಂಕದ ಜಾಗ) ಸಿಗುತ್ತೆ. ದೂರದ್ದಕ್ಕೆ ಸೈಟ್ ಮೂಲಕ ಕಾಣುವ ಹಿಂದಿನ ಮುಂದಿನ ಕಬ್ಬಿಣ ಇದ್ದರೆ ಪುಣ್ಯ. ಇದನ್ನೂ ಅಭ್ಯಾಸದಲ್ಲಿ ಡಾಟ್ ಆರಿಸಿ ಆಗಾಗ ಮಾಡಿ.

ಕಬ್ಬಿಣದ_ಕಣ್ಣು

ಈಗ ದಾರಿಗೆ ಬಂದ್ರಿ.

ತಮಾಷೆ ಸಾಕು. ಹೊಸಗುರಿ, ನಿಮಗೆ ಒಂದು ಒಳ್ಳೆ ಮಾತೂ ಹೇಳ್ತೀನಿ. ಕಬ್ಬಿಣದಿಂದ ಬರುವವರಿಗೆ ಮುಂದಿನ ಸೈಟ್ ನೋಡುವ ಅಭ್ಯಾಸ ಮೈಗೆ ಹತ್ತಿರುತ್ತದೆ, ಹಾಗೇ ಡಾಟ್ ಅನ್ನೇ ದಿಟ್ಟಿಸ್ತಾರೆ. ಡಾಟ್‌ನಲ್ಲಿ ಕಣ್ಣು ಗುರಿ ಮೇಲಿರಬೇಕು. ಗಾಜಿನ ಮುಂಭಾಗಕ್ಕೆ ಟೇಪ್ ಅಂಟಿಸಿ ಎರಡೂ ಕಣ್ಣು ತೆರೆದು ಹೊಡೆದು ನೋಡಿ. ಒಂದು ಕಣ್ಣಿಗೆ ಗುರಿ, ಇನ್ನೊಂದಕ್ಕೆ ಡಾಟ್, ಮೆದುಳು ಎರಡನ್ನೂ ಕೂಡಿಸುತ್ತದೆ. ಡಾಟ್ ದಿಟ್ಟಿಸಿದ ಕ್ಷಣ ಬರೀ ಟೇಪ್ ಕಾಣುತ್ತದೆ. ತೆರೆದ ಸೈಟ್‌ನಲ್ಲೂ ಇದು ನಡೆಯುತ್ತದೆ, ಎಲ್‌ಇಡಿ ಗಾಜಿನ ಹಿಂದಿದೆಯಲ್ಲ.

ಓಪನ್_ಡಿವಿಷನ್

ಕಬ್ಬಿಣದ ಅಣ್ಣನಿಗೆ ಇದೆಲ್ಲ ಹೇಗೆ ಗೊತ್ತು? ಬೀರುವಿನಲ್ಲಿ ಒಂದು ಡಾಟ್ ಇದೆ ಅನಿಸ್ತಿದೆ.

ಕಬ್ಬಿಣದ_ಕಣ್ಣು

ನೋ ಕಾಮೆಂಟ್ಸ್.

ಹೊಸಗುರಿ

ಎಲ್ಲರಿಗೂ ಥ್ಯಾಂಕ್ಸ್. ಪ್ಲೇಟ್‌ಗಳನ್ನು ಇಟ್ಟು ನೋಡಿದೆ. ಸ್ನೇಹಿತರ ಹತ್ತಿರ ಇದ್ದ ಎರಡು ಸೈಟ್ ಇಸ್ಕೊಂಡು ಪರೀಕ್ಷೆ ಮಾಡಿದೆ. ಆರ್‌ಎಂಆರ್ ಪ್ಲೇಟ್ ಗುಬ್ಬಿಗಳು ಬಿಗಿಯಾಗಿ ಕೂತವು, ಅಲುಗಾಟ ಇಲ್ಲ. ಡೆಲ್ಟಾಪಾಯಿಂಟ್ ಪ್ಲೇಟ್ ಮೇಲೆ ಸೈಟ್ ಸ್ಪಷ್ಟವಾಗಿ ಆಡುತ್ತಿತ್ತು. ಹಾಗಾಗಿ ಆರ್‌ಎಂಆರ್ ಫುಟ್‌ಪ್ರಿಂಟ್, ದೊಡ್ಡ ಕಿಟಕಿ, ತೆರೆದ ಎಮಿಟರ್, 5 ಎಂಒಎ ಅಂತ ತೀರ್ಮಾನ ಮಾಡಿದ್ದೇನೆ. ಅಂದ್ರೆ ಎಸ್‌ಆರ್‌ಒ. ಮಳೆಯಲ್ಲಿ ಆಡುವ ಮ್ಯಾಚ್ ನಮಗೆ ಅಪರೂಪ. ಕೂರಿಸುವ ಕ್ರಮ ಒಂದು ಹೇಳಿಬಿಡಿ ಸ್ಕ್ರೂ ಸಾರ್.

ಮಳೆಯಲ್ಲೂ_ಆಟ

ನನ್ನ ಮಾತು ಕೇಳಲಿಲ್ಲ, ಆದರೂ ಪ್ಲೇಟ್ ನೋಡಿ ಆರಿಸಿದ್ದೀರಿ, ಅದಕ್ಕೆ ಮಾಫಿ. ಎಲ್‌ಇಡಿ ಕುಳಿಗೆ ಒಂದು ಸಣ್ಣ ಬ್ರಷ್ ಕಿಟ್‌ನಲ್ಲಿ ಇಟ್ಟುಕೊಳ್ಳಿ. ಗಾಜನ್ನು ಅಂಗಿ ತುದಿಯಿಂದ ಒರೆಸಬೇಡಿ, ಲೇಪನ ಗೀಚುತ್ತದೆ.

ಸ್ಕ್ರೂಡ್ರೈವರ್

ಸ್ಕ್ರೂ, ಸ್ಲೈಡ್ ತೂತು, ಪ್ಲೇಟ್, ಸೈಟ್ ತಳ ಎಲ್ಲಾ ಅಸಿಟೋನ್ ಅಥವಾ ಸ್ಪಿರಿಟ್‌ನಲ್ಲಿ ಒರೆಸಿ ಒಣಗಿಸಿ. ಗಾಜಿಗೆ ಅಸಿಟೋನ್ ತಾಗಿಸಬೇಡಿ. ಎಣ್ಣೆ ಪಸೆ ಇದ್ದರೆ ಥ್ರೆಡ್‌ಲಾಕರ್ (ಸ್ಕ್ರೂ ಸಡಿಲ ಆಗದ ಹಾಗೆ ಹಿಡಿಯುವ ಅಂಟು) ಹಿಡಿಯಲ್ಲ. ನೀಲಿ ಥ್ರೆಡ್‌ಲಾಕರ್ ಒಂದು ಸಣ್ಣ ಹನಿ, ಸ್ಕ್ರೂ ಎಳೆಗೆ ಮಾತ್ರ. ಕೆಂಪು ಬೇಡ, ಆಮೇಲೆ ಬಿಚ್ಚೋಕೆ ಕಾಯಿಸಬೇಕಾಗುತ್ತದೆ, ಎಲೆಕ್ಟ್ರಾನಿಕ್ಸ್ ಪಕ್ಕದಲ್ಲಿ ಅದು ಆಗದ ಕೆಲಸ. ಬಿಗಿ ಎಷ್ಟು ಅಂತ ಸೈಟ್ ಜೊತೆ ಬಂದ ಕಾಗದದಲ್ಲಿ ಇರುತ್ತದೆ. ಈ ಗಾತ್ರದ ಸ್ಕ್ರೂಗೆ ಸಾಮಾನ್ಯವಾಗಿ 12ರಿಂದ 15 ಇಂಚ್-ಪೌಂಡ್, ಅಂದ್ರೆ 1.4ರಿಂದ 1.7 ನ್ಯೂಟನ್ ಮೀಟರ್. ಅಂದಾಜಿನಲ್ಲಿ ತಿರುಗಿಸಬೇಡಿ, ಟಾರ್ಕ್ ಡ್ರೈವರ್ ಯಾರ ಹತ್ತಿರವಾದರೂ ಇಸ್ಕೊಳ್ಳಿ. ಎರಡು ಸ್ಕ್ರೂವನ್ನೂ ಸ್ವಲ್ಪ ಸ್ವಲ್ಪ ಒಂದಾದ ಮೇಲೊಂದು ಬಿಗಿ ಮಾಡಿ.

ಆಮೇಲೆ 24 ಗಂಟೆ ಮುಟ್ಟಬೇಡಿ. ಒಣಗಿದ ಮೇಲೆ ಸ್ಕ್ರೂ ತಲೆಯಿಂದ ಸೈಟ್ ಮೈವರೆಗೆ ಬಿಳಿ ಪೇಂಟ್ ಪೆನ್ನಲ್ಲಿ ಒಂದು ಗೆರೆ ಎಳೀರಿ. ಗೆರೆ ಮುರಿದರೆ ಸ್ಕ್ರೂ ತಿರುಗಿದೆ ಅಂತ ಕಣ್ಣಿಗೇ ಗೊತ್ತಾಗುತ್ತದೆ. ಮೊದಲು 10 ಮೀಟರ್‌ನಲ್ಲಿ ಒರಟಾಗಿ ಝೀರೋ ಮಾಡಿ, ಆಮೇಲೆ 25ರಲ್ಲಿ ಆಸರೆ ಇಟ್ಟು ಸರಿಯಾಗಿ. ಎಸ್‌ಆರ್‌ಒ ಒಂದು ಕ್ಲಿಕ್ 1 ಎಂಒಎ, ಬುಲ್ಸ್‌ಐ ಹೇಳಿದ ಲೆಕ್ಕ ಇಲ್ಲಿ ಕೆಲಸಕ್ಕೆ ಬರುತ್ತದೆ. ಡಾಟ್ ನಳಿಗೆಗಿಂತ ಮೇಲಿರುವುದರಿಂದ 3 ಮೀಟರ್‌ನಲ್ಲಿ ಗುಂಡು ಎರಡು ಮೂರು ಸೆಂ.ಮೀ. ಕೆಳಗೆ ಬೀಳುತ್ತದೆ, ಅದು ಝೀರೋ ತಪ್ಪಲ್ಲ. ಹತ್ತಿರದ ನೋ-ಶೂಟ್ (ಹೊಡೆಯಬಾರದ ಗುರಿ) ಅಂಚಿನಲ್ಲಿ ಮಾತ್ರ ನೆನಪಿಡಿ. ಒಂದೆರಡು ಡಬ್ಬ ಗುಂಡು ಹೊಡೆದು ಗೆರೆ ನೋಡಿ, ಝೀರೋ ಮತ್ತೆ ನೋಡಿ. ಎರಡೂ ಕದಲದಿದ್ದರೆ ಮ್ಯಾಚ್‌ಗೆ ತಗೊಂಡು ಹೋಗಿ.

ಹೊಸಗುರಿ

ಪ್ಲೇಟ್ ಸ್ಲೈಡ್‌ಗೆ ಕೂರುವ ಸ್ಕ್ರೂಗಳಿಗೂ ಇದೇ ಕ್ರಮನಾ?

ಸ್ಕ್ರೂಡ್ರೈವರ್

ಹೌದು, ಅದೇ ಮೊದಲು. ಅದರ ಟಾರ್ಕ್ ಪಿಸ್ತೂಲಿನ ಕೈಪಿಡಿಯಲ್ಲಿ ನೋಡಿ, ಸೈಟ್‌ದಲ್ಲ. ಪ್ಲೇಟ್ ಕೂರಿಸಿ ಒಂದು ದಿನ ಬಿಟ್ಟು ಸೈಟ್ ಹಾಕಿ. ಸೈಟ್ ಕೂತ ಮೇಲೆ ಪ್ಲೇಟ್ ಸ್ಕ್ರೂ ಮುಚ್ಚಿಹೋಗುತ್ತದೆ, ಆಗ ಸಡಿಲ ಆದರೂ ಕಾಣಲ್ಲ.

ಹೊಸಗುರಿ

ಸರಿ ಸಾರ್. ನಾಳೆ ಪ್ಲೇಟ್, ನಾಡಿದ್ದು ಸೈಟ್. ಝೀರೋ ಆದ ಮೇಲೆ ಇಲ್ಲೇ ಬರೀತೀನಿ.